ಒಂಬತ್ತರ ಕೆಂಡ

ಅನುಸೂಯಳಿಗೆ ತನ್ನ ರೂಪದ ಬಗ್ಗೆ ಹೆಮ್ಮೆಯಿರಲಿಲ್ಲ, ತವರಿನ ಬಗ್ಗೆಯೂ ಅಷ್ಟಕ್ಕಷ್ಟೆ. ಅವಳ ಹೆಮ್ಮೆಯೆಲ್ಲ ಇದ್ದದ್ದು ಕೈಯಲ್ಲಿ. ಹೊಸದುರ್ಗದಿಂದ ಬಬ್ಬೂರಿಗೆ ಹಿರಿಸೊಸೆಯಾಗಿ ಬಂದ ವರ್ಷ ಅತ್ತೆ ಏಕಾಂತಮ್ಮ, ಅದೇನು ಮನಸ್ಸು ಬಂತೋ, ಶೇಂಗಾ ಬಿತ್ತನೆಯ ಮೊದಲ ಹಿಡಿ ಬೀಜವನ್ನು ಅವಳ ಕೈಯಿಂದ ಹಾಕಿಸಿದ್ದಳು. ಆ ಸಲ ಬೆಳೆ ಬಂದ ಪರಿ ಹೇಗಿತ್ತೆಂದರೆ, ನಡುಮನೆಯಲ್ಲಿ ಚೀಲ ಒಟ್ಟಿ ಒಟ್ಟಿ ಮನೆಮಂದಿ ಅಡ್ಡಡ್ಡ ನಡೆಯಬೇಕಾಯಿತು. ಮುಗಿಯಿತಲ್ಲ! ಅಲ್ಲಿಂದ ಮುಂದೆ ಉಪ್ಪಿನಕಾಯಿ ಜಾಡಿಗೆ ಉಪ್ಪು ಸುರಿಯುವುದಿರಲಿ, ಕರು ಹಾಕಿದ ಎಮ್ಮೆಯ ಕೆಚ್ಚಲಿಗೆ ಮೊದಲು ಕೈ ಹಾಕುವುದಿರಲಿ, ಎಲ್ಲದಕ್ಕೂ "ಅನುಸೂಯನ್ನ ಕರೀರಿ, ಅವಳ ಕೈಗುಣ ಒಳ್ಳೇದು" ಎಂಬ ಮಾತು. ಅವಳೋ "ಅಯ್ಯೋ, ಬಿಡ್ರಿ ಅತ್ತೆ" ಎನ್ನುತ್ತಲೇ ಸೆರಗಿಗೆ ಕೈ ಒರೆಸಿಕೊಂಡು ಎಲ್ಲರಿಗಿಂತ ಮುಂದೆ ಬಂದು ನಿಲ್ಲುತ್ತಿದ್ದಳು.

ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮೆಷಿನ್ ಇತ್ತು. ಗಂಡ ಶ್ರೀನಿವಾಸ್ ಕೃಷಿ ಸಂಶೋಧನಾ ಕೇಂದ್ರದ ಕೆಲಸಕ್ಕೆ ಹೊರಟ ಮೇಲೆ ಅವಳಿಗೆ ಬ್ಲೌಸು, ಫಾಲ್ಸು, ಹಳೇ ಪ್ಯಾಂಟಿನ ಜಿಪ್ಪು. ಮಧ್ಯಾಹ್ನ ಉಂಡು, ಗಿರಾಕಿ ಬರದ ಹೊತ್ತು ಬಂತೆಂದರೆ ಮೊಬೈಲಿನ ಆಟ. ಆಟ ಅಂದರೆ ಸುಮ್ಮನೆ ಬೆರಳಾಡಿಸಿ ಎದ್ದುಹೋಗುವಂಥದ್ದಲ್ಲ, ದೊಡ್ಡ ಆಟ. ಕತ್ತಿ ಹಿಡಿದ ವೀರ ಪಾಳುಬಿದ್ದ ಕೋಟೆಗಳೊಳಗೆ ನುಗ್ಗಿ ರಾಕ್ಷಸರನ್ನು ಕೊಚ್ಚುತ್ತಾನೆ. ಚಿತ್ರದುರ್ಗದ ಕೋಟೆ ಕಂಡ ಜನಕ್ಕೆ ಆ ಕೋಟೆಗಳೇನೂ ದೊಡ್ಡದಲ್ಲ ಬಿಡಿ. ಆದರೆ ಬಿದ್ದ ರಾಕ್ಷಸನ ಪಕ್ಕದಲ್ಲಿ ಮಿಣಮಿಣ ಎನ್ನುವ ಹರಳು ಬೀಳುತ್ತಿತ್ತಲ್ಲ, ಅದರಲ್ಲಿತ್ತು ಮಜಾ. ಆಟದ ನಿಜವಾದ ಹೆಸರು ಇಂಗ್ಲಿಷಿನಲ್ಲಿ ಒಂದು ಗೇಣುದ್ದ ಇತ್ತು. ಬಬ್ಬೂರಿನಲ್ಲಿ ಅದು ಹರಳಾಟ.

ಮೂಗುತಿಯಲ್ಲಿ ಹರಳು ಕೂರುವ ಜಾಗ ಇರುತ್ತದಲ್ಲ, ಅಂಥದೇ ಸಣ್ಣ ಗೂಡುಗಳು ವೀರನ ಕತ್ತಿಯಲ್ಲಿ, ಎದೆಕವಚದಲ್ಲಿ, ಶಿರಸ್ತ್ರಾಣದಲ್ಲಿ ಇದ್ದವು. ಗೂಡಿಗೆ ಹರಳು ಕೂರಿಸಿದರೆ ಬಲ. ಕೆಂಪು ಹರಳಿಗೆ ಅನುಸೂಯ ಕೆಂಡ ಎಂದು ಹೆಸರಿಟ್ಟಿದ್ದಳು, ಅದು ಕತ್ತಿಗೆ. ಹಸಿರಿನದು ಚಿಗುರು, ಅದು ಕವಚಕ್ಕೆ, ಜೀವ ಹೆಚ್ಚಿಸುತ್ತದೆ. ಒಂದೇ ಬಣ್ಣದ, ಒಂದೇ ಲೆವೆಲ್ಲಿನ ಮೂರು ಹರಳನ್ನು ಕುಲುಮೆಗೆ ಹಾಕಿ ಒತ್ತಿದರೆ ಮೂರೂ ಕೂಡಿ, ಮುಂದಿನ ಲೆವೆಲ್ಲಿನ ಒಂದು ಹರಳಾಗುತ್ತದೆ. ಐದರವರೆಗೆ ಏನೂ ತಕರಾರಿಲ್ಲ. ಅದಾದ ಮೇಲೆ ಕುಲುಮೆಗೆ ಕೊಬ್ಬು ಬರುತ್ತದೆ, ಕೂಡಿದರೆ ಕೂಡಿತು, ಇಲ್ಲದಿದ್ದರೆ ಮೂರೂ ಸುಟ್ಟು ಬೂದಿ. ಬೆಳ್ಳಿಪುಡಿ ಎಂಬುದೊಂದು ಅಪರೂಪಕ್ಕೆ ಸಿಗುತ್ತಿತ್ತು. ಅದನ್ನು ಜೊತೆಗೆ ಹಾಕಿದರೆ ಬಹಳ ಸಲ ಕೂಡುತ್ತದೆ, ಹಾಕದಿದ್ದರೆ ಬಹಳ ಸಲ ಸುಡುತ್ತದೆ.

ಹಿರಿಯೂರು ಸುತ್ತಮುತ್ತ ಈ ಆಟ ಆಡುವವರೆಲ್ಲ ಸೇರಿ ಒಂದು ಗುಂಪು ಮಾಡಿಕೊಂಡಿದ್ದರು. ಪಕ್ಕದ ಅಣೆಕಟ್ಟಿನ ಹೆಸರು ಸೇರಿಸಿ ಅದಕ್ಕೆ ಮಾರಿಕಣಿವೆ ದಂಡು ಎಂದಿದ್ದರು. ನಾಯಕಿ ಯಾರು? ಅನುಸೂಯ! ಹಿರಿಯೂರಿನ ಬೇಕರಿ ಕೊಟ್ರೇಶ, ಟ್ರ್ಯಾಕ್ಟರ್ ಓಡಿಸುವ ತಿಪ್ಪೇಶ, ಇಂಥ ಗಂಡಸರೆಲ್ಲ "ಅಕ್ಕಾ, ಕತ್ತಿಗೆ ಯಾವುದು ಕೂರಿಸ್ಲಿ? ಅಕ್ಕಾ, ಈ ಚಿಗುರು ಇಟ್ಕಳಾಣಾ, ಕೂಡ್ಸಾಣಾ?" ಎಂದು ಅವಳನ್ನೇ ಕೇಳುತ್ತಿದ್ದರು.

ಆಮೇಲೆ ಮೈದುನ ಪ್ರಭುವಿನ ಮದುವೆಯಾಯಿತು. ಹೊಳಲ್ಕೆರೆ ಕಡೆಯಿಂದ ಪ್ರೀತಿ ಬಂದಳು.

ಬಂದ ಹೊಸತರಲ್ಲಿ ಆ ಹುಡುಗಿ ಬಾಯಿಬಿಟ್ಟರೆ ತಾನೇ! ಪ್ರಭು ಹಾಲಿನ ವ್ಯಾನು ತೆಗೆದುಕೊಂಡು ಬೆಳಗಾಗುತ್ತಲೇ ಹೊರಟುಬಿಡುತ್ತಿದ್ದ. ಇವಳು ಹಿತ್ತಲ ಬಾಗಿಲಲ್ಲಿ ಕುಂತು ತವರಿಗೆ ಫೋನು ಮಾಡಿ ಮೂಗೊರೆಸಿಕೊಳ್ಳುತ್ತಿದ್ದಳು. ನೋಡಲಾರದೆ ಅನುಸೂಯಳೇ ಒಂದು ಮಧ್ಯಾಹ್ನ ಕರೆದಳು.

"ಬಾರೆ ಇಲ್ಲಿ. ಅತ್ತು ಅತ್ತು ಕಣ್ಣು ಬಾತುಕೊಂಡಾವೆ. ಕುಂತ್ಕ. ಇವನ್ನ ನೋಡು, ಇವನು ರಾಕ್ಷಸ. ಹೊಡಿ ಇವನ್ನ!"

ಪ್ರೀತಿ ಹೊಡೆದಳು. ಮದುವೆಯಾಗಿ ಬಂದ ಮೇಲೆ ಅವಳು ನಕ್ಕದ್ದು ಅವತ್ತೇ ಮೊದಲು. ಆವತ್ತಿನಿಂದ ಮೆಷಿನ್ನಿನ ಪಕ್ಕದಲ್ಲಿ ಅವಳ ಪ್ಲಾಸ್ಟಿಕ್ ಕುರ್ಚಿ ಕಾಯಂ ಆಯಿತು. ಕೈಯಲ್ಲಿ ಬ್ಲೌಸಿಗೆ ಹುಕ್ಸು ಹಾಕುತ್ತಾ, ಕೆಲಸ ಮುಗಿದರೆ ಫೋನು ಎತ್ತಿಕೊಂಡು, ಓರಗಿತ್ತಿಯರಿಬ್ಬರೂ ಭುಜಕ್ಕೆ ಭುಜ ತಾಗಿಸಿ ಆಡುತ್ತಿದ್ದರು. ಕುಲುಮೆಯ ಗುಟ್ಟನ್ನೂ ಅನುಸೂಯಳೇ ಹೇಳಿಕೊಟ್ಟಳು.

"ಬೆಳ್ಳಿಪುಡಿ ಹಾಕಿದ ಮೇಲೆ ಕಣ್ಣನ್ನ ನಂಬಬ್ಯಾಡ. ಒಂದೊಂದು ಸಲ ಹಾಕಿದಂಗೆ ಕಾಣ್ತತೆ, ಪುಡಿ ಹತ್ತಿರೋದಿಲ್ಲ. ಗುಂಡಿ ಮೇಲೆ ಬೆರಳನ್ನ ಹಗೂರಕ್ಕೆ ಇಡು. ಪುಡಿ ಹತ್ತಿದ್ರೆ ಫೋನು ಸಣ್ಣಗೆ ನಡುಗ್ತತೆ. ನಡುಗಿದ್ರೆ ಒತ್ತು, ಇಲ್ಲಾಂದ್ರೆ ಬೆರಳು ತೆಗಿ."

"ನಡುಗ್ತು ಅಕ್ಕ!"

"ಹ್ಞೂಂ, ಒತ್ತು ಮತ್ತೆ."

ಒತ್ತಿದಳು, ಕೂಡಿತು. ಇಬ್ಬರೂ ಕೈ ತಟ್ಟಿಕೊಂಡರು. ಒಳಗಿನಿಂದ ಏಕಾಂತಮ್ಮ, "ಏನ್ರೇ ಅದು, ಹೊಲಿಯಾಕೆ ಕುಂತಿದೀರೋ ಕುಣಿಯಾಕೋ?" ಎಂದಳು.

ಅಷ್ಟಕ್ಕೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಕೆಟ್ಟದ್ದು ಬೇಕರಿ ಕೊಟ್ರೇಶನಿಂದ. ಕೆಂಡವನ್ನು ಏಳಕ್ಕೆ ಏರಿಸಲು ಹೋಗಿ ಅವನ ಹರಳುಗಳು ಮೇಲಿಂದ ಮೇಲೆ ಸುಟ್ಟಿದ್ದವು. ಒಂದು ದಿನ ಅತ್ತಿಗೆಯ ಬ್ಲೌಸು ಒಯ್ಯಲು ಬಂದವನು ಫೋನು ತೆಗೆದು, ಅನುಸೂಯಳ ಕೈಯಲ್ಲಿ ಕತ್ತರಿ ಇತ್ತೆಂದು, ಪಕ್ಕದಲ್ಲಿದ್ದ ಪ್ರೀತಿಗೆ, "ನೀವಾದ್ರೂ ಒಂದ್ಸಲ ಒತ್ತಿ ನೋಡ್ರಿ ಪ್ರೀತಕ್ಕ. ನನ್ ಕೈ ಶನಿ ಕೈ" ಎಂದ. ಇವಳು ಒತ್ತಿದಳು. ಧಗ್ ಎಂದು ಏಳರ ಕೆಂಡ ಎದ್ದು ಬಂತು. ಕೊಟ್ರೇಶ ಖುಷಿ ತಾಳಲಾರದೆ ಮರುದಿನ ಒಂದು ಡಬ್ಬ ದಿಲ್‌ಪಸಂದ್ ತಂದುಕೊಟ್ಟ. ಡಬ್ಬವನ್ನು ಕೊಟ್ಟದ್ದು ಪ್ರೀತಿಯ ಕೈಗೆ.

ವಾರದೊಳಗೆ ತಿಪ್ಪೇಶ ಟ್ರ್ಯಾಕ್ಟರನ್ನು ಮನೆ ಮುಂದೆ ಗುಡುಗುಡು ಎನಿಸಿ ನಿಲ್ಲಿಸಿದ. ಅವನ ಚಿಗುರೂ ಕೂಡಿತು. ಆಮೇಲೆ ಜಾತ್ರೆಯೇ ಶುರುವಾಯಿತು. ಚಿತ್ರದುರ್ಗದ ಯಾವನೋ ಲ್ಯಾಬಿನವನು ರಜೆ ಹಾಕಿ, ಎರಡು ಬಸ್ಸು ಬದಲಾಯಿಸಿ ಬಂದ. ಬಂದವರೆಲ್ಲರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮೆಷಿನ್ ತುಳಿಯುತ್ತಿದ್ದ ಅನುಸೂಯಳನ್ನು ಕೇಳುವುದು ಒಂದೇ ಮಾತು: "ಪ್ರೀತಕ್ಕ ಅದಾರಾ?"

ಬಟನ್ ಒತ್ತಿದರೆ ಏನಾಗಬೇಕೆಂದು ಆಟದ ಕಂಪನಿಯವರು ಎಲ್ಲೋ ಕುಳಿತು ಲೆಕ್ಕ ಹಾಕಿರುತ್ತಾರೆ, ಅದಕ್ಕೆ ಹೊಳಲ್ಕೆರೆ ಹುಡುಗಿಯ ಬೆರಳೇನು, ಬಬ್ಬೂರಿನ ಬೆರಳೇನು? ಇದು ಅನುಸೂಯಳಿಗೂ ಗೊತ್ತಿತ್ತು. ಆದರೆ ಈ ಮಾತನ್ನು ಅವಳು ಹೇಳುವಂತಿರಲಿಲ್ಲ. ಹೇಳಿದರೆ ಶೇಂಗಾ ಬೆಳೆಯಲ್ಲಿ ತನ್ನ ಕೈ ಏನು ಮಾಡಿತ್ತು ಎಂಬ ಪ್ರಶ್ನೆ ಬರುತ್ತದಲ್ಲ! ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡು ಬಂದವರಿಗೆಲ್ಲ ಟೀ ಮಾಡಿಕೊಟ್ಟಳು. ನಾಯಕಿಯಾಗಿದ್ದವಳು ಟೀ ಮಾಡುವವಳಾದಳು. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಉರಿ ಎಲ್ಲೆಲ್ಲಿಗೋ ಹಬ್ಬಿತು. ಪ್ರೀತಿ ಹಾಕಿದ ಹುಕ್ಸು ಸೊಟ್ಟಗೆ ಕಂಡಿತು. ಅವಳ ಸಾರು ಉಪ್ಪಾಯಿತು. ಅವಳು ನಕ್ಕರೆ "ಏನು ನಗೂನೋ" ಅನ್ನಿಸಿತು, ನಗದಿದ್ದರೆ "ಧಿಮಾಕು ನೋಡು" ಅನ್ನಿಸಿತು. ಅನುಸೂಯ ಮೆಷಿನ್ನನ್ನು ಎಳೆದು ಗೋಡೆಗೆ ಮುಖ ಮಾಡಿ ಹಾಕಿಕೊಂಡಳು. ಪ್ರೀತಿಯ ಕುರ್ಚಿಗೆ ಪಕ್ಕದಲ್ಲಿ ಜಾಗವಿಲ್ಲದಂತಾಯಿತು.

"ಅಕ್ಕ, ಇವತ್ತು ಆಡಾಣ?"

"ನಂಗೇನು ಕೆಲ್ಸ ಇಲ್ವಾ? ನೀನು ಆಡವ್ವ, ನಿನ್ನದು ಬಂಗಾರದ ಕೈ."

ಪ್ರೀತಿ ಹಿತ್ತಲ ಬಾಗಿಲಿಗೆ ಹೋದಳು. ಮತ್ತೆ ತವರಿಗೆ ಫೋನು ಮಾಡುವ ದನಿ ಕೇಳಿಸಿತು. ಅನುಸೂಯಳಿಗೆ ಒಂದು ಸಲ ಅಯ್ಯೋ ಅನ್ನಿಸಿತು, ಸುಳ್ಳು ಯಾಕೆ ಹೇಳಬೇಕು? ಆದರೆ ಅವಳು ಇನ್ನಷ್ಟು ಜೋರಾಗಿ ಮೆಷಿನ್ ತುಳಿದಳು.

ಇದೆಲ್ಲವನ್ನೂ ಹೇಗೋ ನುಂಗಬಹುದಿತ್ತು. ನುಂಗಲಾರದ್ದು ಬಂದದ್ದು ಅತ್ತೆಯ ಬಾಯಿಂದ. ಏಕಾಂತಮ್ಮಳಿಗೆ ಹರಳಾಟದ ತಲೆಬುಡ ಗೊತ್ತಿಲ್ಲ. ಊರವರೆಲ್ಲ ಕಿರಿಸೊಸೆಯ ಕೈಯನ್ನು ಹುಡುಕಿಕೊಂಡು ಬರುತ್ತಾರೆ ಎನ್ನುವುದಷ್ಟೇ ಗೊತ್ತು. ಬಿತ್ತನೆಗೆ ಶೇಂಗಾ ಬೀಜ ಸುಲಿಯುತ್ತ ಕುಂತಾಗ ಒಂದು ಸಂಜೆ ಎಲ್ಲರ ಮುಂದೆ ಹೇಳಿಯೇಬಿಟ್ಟಳು.

"ಈ ವರ್ಷ ಮೊದ್ಲ ಹಿಡಿ ಪ್ರೀತಿ ಹಾಕ್ಲಿ ಕಣ್ರೋ. ಎಲ್ಲಾರೂ ಅವಳ ಕೈಗುಣ ಚೆನ್ನಾಗೈತೆ ಅಂತಾರೆ."

"ಅಕ್ಕನೇ ಹಾಕ್ತಾರೆ ಬಿಡ್ರಿ ಅತ್ತೆ, ನಂಗೇನು ಗೊತ್ತಾಗ್ತತೆ" ಎಂದಳು ಪ್ರೀತಿ.

"ಬೀಜ ಹಾಕಾಕೆ ಗೊತ್ತಾಗೋದೇನೈತೆ? ಅಲ್ವೇನೇ ಅನುಸೂಯ?"

"ಹಾಕ್ಲಿ ಬಿಡ್ರಿ, ನಂಗೇನು" ಎಂದಳು ಅನುಸೂಯ. ಹೇಳುವಾಗ ಅವಳ ಬೆರಳಲ್ಲಿದ್ದ ಶೇಂಗಾಕಾಯಿ ಬೀಜದ ಸಮೇತ ಪುಡಿಯಾಗಿತ್ತು. ಆ ಮನೆಯಲ್ಲಿ ಅವಳದು ಎಂದು ಇದ್ದದ್ದು ಅದೊಂದು ಹಿಡಿ. ಹೊಲ ಮಾವನ ಹೆಸರಲ್ಲಿ, ಮನೆ ಅತ್ತೆಯ ಮಾತಲ್ಲಿ. ವರ್ಷಕ್ಕೊಮ್ಮೆ ಎಲ್ಲರೂ ಪಕ್ಕಕ್ಕೆ ಸರಿದು ನಿಂತು ಅವಳಿಗೆ ದಾರಿ ಬಿಡುವುದು ಆ ಒಂದು ಗಳಿಗೆಯಲ್ಲಿ. ಅದನ್ನೂ ಈ ನಿನ್ನೆ ಮೊನ್ನೆಯ ಹುಡುಗಿ, ತಾನೇ ಕೈ ಹಿಡಿದು ಆಡಲು ಕಲಿಸಿದ ಹುಡುಗಿ, ಎಗರಿಸಿಕೊಂಡು ಹೋಗುವುದೆಂದರೆ!

ಅದೇ ವಾರ ದಾವಣಗೆರೆಯ ಗುಂಪೊಂದು ಮಾರಿಕಣಿವೆ ದಂಡನ್ನು ಯುದ್ಧಕ್ಕೆ ಕರೆಯಿತು. ಆ ಗುಂಪಿನ ಹೆಸರು ಬೆಣ್ಣೆದೋಸೆ ಬಳಗ. ಹೆಸರು ಕೇಳಿ ನಗಬೇಡಿ, ಒಬ್ಬೊಬ್ಬನ ಕತ್ತಿಯಲ್ಲೂ ಎಂಟರ ಕೆಂಡ. ಅವರನ್ನು ಗೆಲ್ಲಬೇಕಾದರೆ ನಾಯಕಿಯ ಕತ್ತಿಗೆ ಒಂಬತ್ತರ ಕೆಂಡ ಬೇಕು. ದಂಡಿನಲ್ಲಿ ಇದ್ದದ್ದೇ ಮೂರು ಎಂಟರ ಕೆಂಡಗಳು: ಅನುಸೂಯಳದೊಂದು, ಕೊಟ್ರೇಶನದೊಂದು, ಪ್ರೀತಿಯದೊಂದು. ಮೂರನ್ನೂ ಅನುಸೂಯಳ ಖಾತೆಗೆ ಹಾಕಿ ಭಾನುವಾರ ಮಧ್ಯಾಹ್ನ ಕೂಡಿಸುವುದೆಂದು ಮಾತಾಯಿತು. ಒತ್ತುವವರು ಯಾರೆಂದು ಯಾರೂ ಕೇಳಲೇ ಇಲ್ಲ. ಅದು ಕೇಳುವ ವಿಷಯವೇ ಅಲ್ಲವೆಂಬಂತೆ ಕೊಟ್ರೇಶ, "ಪ್ರೀತಕ್ಕ ಭಾನುವಾರ ತವರಿಗೆ ಗಿವರಿಗೆ ಹೋಗಂಗಿಲ್ಲ ಮತ್ತೆ" ಎಂದ.

ಅನುಸೂಯಳ ಬಳಿ ಬೆಳ್ಳಿಪುಡಿ ಇದ್ದದ್ದು ಒಂದೇ ಪೊಟ್ಟಣ. ಭಾನುವಾರ ಉಂಡೆದ್ದ ಮೇಲೆ ಅವಳು ಮೂರು ಕೆಂಡಗಳನ್ನು ಕುಲುಮೆಗಿಟ್ಟಳು. ಪುಡಿಯ ಮೇಲೆ ಬೆರಳಿಟ್ಟಳು. ಇಟ್ಟ ಬೆರಳನ್ನು ಹಿಂದಕ್ಕೆ ತೆಗೆದಳು.

ಕೂಡಿದರೆ ಆ ಕೆಂಡ ಕೂರುವುದು ತನ್ನದೇ ಕತ್ತಿಯಲ್ಲಿ. ಗೆದ್ದರೆ ಗೆಲ್ಲುವುದು ತನ್ನದೇ ದಂಡು. ಅದೆಲ್ಲ ಅವಳಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ಅನ್ನಿಸಿದ್ದು ಇಷ್ಟೇ: ನನ್ನ ಕೆಂಡ ಸುಟ್ಟುಹೋದರೆ ಹೋಗಲಿ, ಎಲ್ಲರೆದುರಿಗೆ ಅವಳ ಕೈಯ ಹೆಸರು ಸುಡಲಿ. ಹೊಟ್ಟೆಕಿಚ್ಚಿಗೆ ಲಾಭನಷ್ಟ ಎಲ್ಲಿ ಕಾಣುತ್ತದೆ!

ಕೊಟ್ರೇಶ, ತಿಪ್ಪೇಶ, ದಂಡಿನ ಇನ್ನೊಂದಿಷ್ಟು ಜನ ಕೋಣೆ ತುಂಬ ನಿಂತಿದ್ದರು. ಅನುಸೂಯ ಫೋನನ್ನು ಕೈಯಿಂದ ಬಿಡಲಿಲ್ಲ. ಪುಡಿ ಕಾಣಬೇಕಾದ ಮೂಲೆಯ ಮೇಲೆ ಹೆಬ್ಬೆರಳು ಊರಿ ಹಿಡಿದುಕೊಂಡು ಮುಂದೆ ಚಾಚಿದಳು.

"ಪುಡಿ ಹಾಕಿದೀರಾ ಅಕ್ಕ?" ಕೊಟ್ರೇಶ ಕೇಳಿದ.

"ಹಾಕ್ದೆ ಇರ್ತೀನೇನಪ್ಪ? ಒತ್ತೇ ಪ್ರೀತಿ."

ಪ್ರೀತಿ ಬೆರಳನ್ನು ಹಗುರವಾಗಿ ಇಟ್ಟಳು. ಇಟ್ಟವಳು ಒತ್ತದೆ, ಮುಖವೆತ್ತಿ ಅನುಸೂಯಳನ್ನು ನೋಡಿದಳು. ದೇವರನ್ನು ನೆನೆಯುತ್ತಿದ್ದಾಳೆ ಎಂದುಕೊಂಡು ಎಲ್ಲರೂ ಕಾದರು. ಅನುಸೂಯ ಕಣ್ಣು ತಪ್ಪಿಸಿ ಗೋಡೆಯ ಕ್ಯಾಲೆಂಡರ್ ನೋಡಿದಳು.

ಪ್ರೀತಿ ಒತ್ತಿದಳು. ಕುಲುಮೆ ಬುಸ್ ಎಂದಿತು. ಮೂರು ಕೆಂಡಗಳು ಕಪ್ಪಾಗಿ, ಉದುರಿ, ಬೂದಿಯಾದವು.

ಕೊಟ್ರೇಶ ಆ ಹರಳಿಗಾಗಿ ಬೇಕರಿಯ ಗಲ್ಲಾದ ಹಿಂದೆ ಕುಂತು ಬೇಸಿಗೆ ಪೂರ್ತಿ ಆಡಿದ್ದ. ಅವನು "ಹೋಗ್ಲಿ ಬಿಡ್ರಿ, ಏನ್ಮಾಡಾಕಾಗ್ತತೆ" ಎಂದು ಹೇಳಿ ಚಪ್ಪಲಿ ಮೆಟ್ಟಿದ. ಹೊರಗೆ ಹೋದ ಮೇಲೆ ತಿಪ್ಪೇಶನಿಗೆ ಹೇಳಿದ್ದು ಕಿಟಕಿಯಿಂದ ಕೇಳಿತು: "ಕೈಗುಣ ಮುಗೀತು ಕಣಲೇ ಪ್ರೀತಕ್ಕಂದು." ಸಂಜೆ ಬೆಣ್ಣೆದೋಸೆ ಬಳಗ ಇವರನ್ನು ಕಾವಲಿ ಮೇಲೆ ಮಗುಚಿ ಹಾಕಿದಂತೆ ಮಗುಚಿ ಹಾಕಿತು.

ಸೋತ ಮೇಲೂ ಅನುಸೂಯಳಿಗೆ ಆ ಸಂಜೆ ಎರಡು ರೊಟ್ಟಿ ಜಾಸ್ತಿ ಸೇರಿತು. ಊಟಕ್ಕೆ ಕುಂತಾಗ ಏಕಾಂತಮ್ಮಳ ಕಿವಿಗೂ ಸುದ್ದಿ ಬಿದ್ದಿತ್ತು. ಮೊಬೈಲಿನೊಳಗೆ ಏನೋ ದೊಡ್ಡದು ಕಿರಿಸೊಸೆಯ ಕೈ ತಾಗಿ ಸುಟ್ಟಿತಂತೆ. ಸುಟ್ಟಿತು ಎನ್ನುವ ಮಾತೇ ಅವಳಿಗೆ ಸಾಕಾಯಿತು.

"ಬ್ಯಾಡಪ್ಪ. ಬೀಜದ ವಿಷ್ಯ. ಈ ವರ್ಷಾನೂ ಅನುಸೂಯನೇ ಹಾಕ್ಲಿ."

ಪ್ರೀತಿ ತಲೆ ತಗ್ಗಿಸಿ ಅನ್ನಕ್ಕೆ ಸಾರು ಬಡಿಸಿಕೊಂಡಳು. ಪ್ರಭು ಹೆಂಡತಿಯ ಮುಖ ನೋಡಿದ. ಏನೂ ತಿಳಿಯದೆ ಉಪ್ಪಿನಕಾಯಿ ಕೇಳಿದ.

ಮರುದಿನ ಮಧ್ಯಾಹ್ನ ಅನುಸೂಯ ಒಬ್ಬಳೇ ಕುಂತು, ಪ್ರೀತಿ ಹಿತ್ತಲಲ್ಲಿ ಅಳುತ್ತಿರಬೇಕು ಎಂದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಪ್ಲಾಸ್ಟಿಕ್ ಕುರ್ಚಿಯನ್ನು ದರದರ ಎಳೆದುಕೊಂಡು ಪ್ರೀತಿ ಬಂದಳು. ಮೆಷಿನ್ನಿನ ಪಕ್ಕದಲ್ಲಿದ್ದ ಬಟ್ಟೆಗಂಟನ್ನು ತಾನೇ ಸರಿಸಿ ಜಾಗ ಮಾಡಿಕೊಂಡು ಕುಂತಳು.

"ಅಕ್ಕ, ಆಡಾಣ?"

ಮುಖ ನೋಡಿದರೆ ಹಬ್ಬದ ಕಳೆ! ನಾಚಿಕೆಯಿಲ್ಲದ ಹುಡುಗಿ, ನಿನ್ನೆ ತಾನೇ ಹೆಸರು ಮಣ್ಣುಪಾಲಾಗಿದೆ, ಇವತ್ತು ಆಡಾಣ ಅಂತಾಳೆ ಎಂದುಕೊಂಡರೂ, ಗೆದ್ದವರ ಧಾರಾಳದಿಂದ ಅನುಸೂಯ ಫೋನು ಎತ್ತಿಕೊಂಡಳು. ಇಬ್ಬರೂ ಒಂದು ಕೋಟೆ ಹೊಕ್ಕು ಬಂದರು. ಬಹಳ ದಿನದ ಮೇಲೆ ಭುಜಕ್ಕೆ ಭುಜ ತಾಗಿತು. ಸಿಕ್ಕ ಹರಳುಗಳನ್ನು ನೋಡೋಣವೆಂದು ಅನುಸೂಯ ತನ್ನ ಚೀಲ ತೆರೆದಳು.

ಚೀಲದ ಮೊದಲ ಸಾಲಿನಲ್ಲೇ ಬೆಳ್ಳಿಪುಡಿಯ ಪೊಟ್ಟಣ ಫಳಫಳ ಎನ್ನುತ್ತ ಕುಂತಿತ್ತು.

ಅನುಸೂಯ ಗಡಬಡಿಸಿದಳು. ಮುಚ್ಚಲು ಹೋದರೆ ಬೆರಳು ಬೇರೆಲ್ಲೋ ತಾಗಿ ಪುಡಿಯೇ ದೊಡ್ಡದಾಗಿ ಪರದೆಯ ಮಧ್ಯಕ್ಕೆ ಬಂತು. ಮುಖ ಎತ್ತಲಿಲ್ಲ. ಪಕ್ಕದವಳು ಚೀರುತ್ತಾಳೆ, ಅತ್ತೆಯನ್ನು ಕರೆಯುತ್ತಾಳೆ ಎಂದು ಕಾದಳು. ಪ್ರೀತಿ ಮಡಿಲಲ್ಲಿದ್ದ ಬ್ಲೌಸಿಗೆ ಹುಕ್ಸು ಹಾಕುತ್ತಲೇ ಇದ್ದಳು.

"ಗೊತ್ತಿತ್ತು ಅಕ್ಕ" ಎಂದಳು ಮೆಲ್ಲಗೆ.

"ಏನು ಗೊತ್ತಿತ್ತು?"

"ಪುಡಿ ಹಾಕಿಲ್ಲ ಅಂತ. ಬೆರಳಿಟ್ರೆ ಫೋನು ನಡುಗ್ಲೇ ಇಲ್ಲ. ನೀವೇ ಅಲ್ವಾ ಹೇಳ್ಕೊಟ್ಟಿದ್ದು?"

ಹೌದಲ್ಲ! ಹೆಬ್ಬೆರಳು ಊರಿ ಕಣ್ಣಿಗೆ ಮರೆಮಾಡಿದ್ದ ಅನುಸೂಯಳಿಗೆ, ಕಣ್ಣನ್ನು ನಂಬಬೇಡ ಎಂದು ತಾನೇ ಕಲಿಸಿದ್ದು ನೆನಪೇ ಆಗಿರಲಿಲ್ಲ.

"ಮತ್ತೆ ಯಾಕೆ ಒತ್ತಿದೆ? ಬೆರಳು ತೆಗೀಬೇಕಿತ್ತು."

"ತೆಗೆದ್ರೆ ಯಾಕೆ ಅಂತ ಎಲ್ಲಾರೂ ಕೇಳ್ತಿದ್ರು. ಪುಡಿ ಇಲ್ಲ ಅನ್ಬೇಕಿತ್ತು. ಅಷ್ಟು ಜನದ ಮುಂದೆ ನಿಮ್ಮ ಮರ್ಯಾದೆ ಏನಾಗ್ತಿತ್ತು?" ಪ್ರೀತಿ ದಾರವನ್ನು ಹಲ್ಲಿಂದ ಕಡಿದಳು. "ಅದೂ ಅಲ್ದೆ, ಆ ಕೈಗುಣ ಅನ್ನೋದು ಬಂದಾಗ್ಲಿಂದ ನೀವು ನನ್ ಜೊತೆ ಆಡ್ಲೇ ಇಲ್ಲ. ಈ ಮನೇಲಿ ನಂಗೆ ಇನ್ಯಾರವ್ರೆ? ಹಾಳಾಗಿ ಹೋಗ್ಲಿ ಅತ್ಲಾಗೆ ಅನ್ಕಂಡು ಒತ್ತಿದೆ."

ಇಂಥ ಮಾತು ಕೇಳಿ ಅನುಸೂಯ ಕಣ್ಣೀರು ಹಾಕಿ ಅವಳನ್ನು ತಬ್ಬಿಕೊಂಡಳು ಎಂದರೆ ಕೇಳಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಅವಳಿಗೆ ಮೊದಲು ಅನ್ನಿಸಿದ್ದು: ಎಲಾ ಇವಳ! ಆಟದಲ್ಲಿ ಮುಂದೆ ಹೋದಳು, ಹೆಸರಿನಲ್ಲಿ ಮುಂದೆ ಹೋದಳು, ಈಗ ಒಳ್ಳೆಯತನದಲ್ಲೂ ನನ್ನನ್ನು ದಾಟಿ ಹೋಗಿಬಿಟ್ಟಳಲ್ಲ! ಈ ಹೊಟ್ಟೆಕಿಚ್ಚು ಮೊದಲಿನದಕ್ಕಿಂತ ಕೆಟ್ಟದಾಗಿತ್ತು. ಮೊದಲಿನದಕ್ಕೆ ಬೈಯಲು ಯಾರಾದರೂ ಸಿಗುತ್ತಿದ್ದರು. ಇದಕ್ಕೆ ತನ್ನನ್ನು ಬಿಟ್ಟು ಯಾರೂ ಇರಲಿಲ್ಲ. ಅವಳು ಹರಿದಿಲ್ಲದ ಬಟ್ಟೆಯನ್ನು ಮೆಷಿನ್ನಿಗೆ ಕೊಟ್ಟು ಸುಮ್ಮನೆ ಹೊಲಿಗೆ ಹಾಕುತ್ತ ಹೋದಳು. ಪಕ್ಕದಲ್ಲಿ ಪ್ರೀತಿ ಹಾಯಾಗಿ ರಾಕ್ಷಸರನ್ನು ಕೊಚ್ಚುತ್ತಿದ್ದಳು.

ಬುಧವಾರ ಮಳೆ ಬಂತು. ಭೂಮಿ ಹದವಾಗಿ, ಶುಕ್ರವಾರ ಬೆಳಿಗ್ಗೆ ಕೆಂಪು ಹೊಲದಲ್ಲಿ ತಿಪ್ಪೇಶನ ಟ್ರ್ಯಾಕ್ಟರ್ ಕೂರಿಗೆ ಕಟ್ಟಿಕೊಂಡು ನಿಂತಿತು. ಶ್ರೀನಿವಾಸ್ ರಜೆ ಹಾಕಿದ್ದ. ಪ್ರಭು ಬೀಜದ ಚೀಲ ಇಳಿಸಿದ. ಏಕಾಂತಮ್ಮ ಮೊದಲ ಸಾಲಿಗೆ ಅರಿಶಿನ ಕುಂಕುಮ ಹಾಕಿ, ಕಾಯಿ ಒಡೆದು, ಮೊರದಲ್ಲಿ ಬೀಜ ತುಂಬಿಕೊಂಡು ತಿರುಗಿದಳು.

"ಬಾರೆ ಅನುಸೂಯ."

ಎಲ್ಲರೂ ಪಕ್ಕಕ್ಕೆ ಸರಿದರು. ಪ್ರೀತಿಯೂ ಸರಿದಳು, ಟ್ರ್ಯಾಕ್ಟರಿನ ದೊಡ್ಡ ಗಾಲಿಯ ಹಿಂದಕ್ಕೆ. ಅನುಸೂಯ ಸೆರಗಿಗೆ ಕೈ ಒರೆಸಿಕೊಂಡು ಬಂದು ಮೊರದಿಂದ ಒಂದು ಹಿಡಿ ಬೀಜ ತೆಗೆದುಕೊಂಡಳು. ಸಾಲಿನ ಮುಂದೆ ಬಗ್ಗಿದಳು. ಇದೇ ಗಳಿಗೆಗಾಗಿ ಮೂರು ಕೆಂಡ ಸುಟ್ಟಿದ್ದು. ಆದರೆ ಬೆರಳು ಬಿಡಿಸಲು ಹೋದರೆ ಬಿಡಿಸಲಾಗಲಿಲ್ಲ. ಕಿವಿಯಲ್ಲಿ ಒಂದೇ ಮಾತು ಗುಂಯ್ ಎನ್ನುತ್ತಿತ್ತು: ಈ ಮನೇಲಿ ನಂಗೆ ಇನ್ಯಾರವ್ರೆ?

"ಹಾಕೇ, ಹೊತ್ತಾಗ್ತತೆ" ಎಂದಳು ಏಕಾಂತಮ್ಮ.

ಅನುಸೂಯ ನೆಟ್ಟಗೆ ನಿಂತಳು. "ಪ್ರೀತಿ! ಎಲ್ಲಿ ಅಡಗಿದೀಯೇ? ಬಾ ಇಲ್ಲಿ."

"ಅವಳ್ಯಾಕೆ? ಅವಳ ಕೈ ಸುಟ್ಟತಲ್ಲ!"

"ಅವಳ ಕೈ ಸುಟ್ಟಿಲ್ಲ ಅತ್ತೆ. ನಾನೇ ಸುಡಿಸಿದ್ದು. ಭಾನುವಾರ ಬೆಳ್ಳಿಪುಡಿ ಹಾಕಿರ್ಲಿಲ್ಲ ನಾನು. ಹಾಕಿದೀನಿ ಅಂತ ಸುಳ್ಳು ಹೇಳ್ದೆ."

"ಯಾವ ಪುಡಿನೇ? ಗೊಬ್ಬರದ ಪುಡಿನಾ?" ಏಕಾಂತಮ್ಮ ಶ್ರೀನಿವಾಸನ ಮುಖ ನೋಡಿದಳು. ಶ್ರೀನಿವಾಸ್ ತಮ್ಮನ ಮುಖ ನೋಡಿದ. ಆ ಮನೆಯ ಒಬ್ಬರಿಗೂ ಏನೂ ತಿಳಿಯಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಅನುಸೂಯ ಹೇಳಿದಂತೆಯೂ ಆಗುತ್ತಿತ್ತು, ಯಾರಿಗೂ ತಿಳಿಯದಂತೆಯೂ ಆಗುತ್ತಿತ್ತು. ಆದರೆ ಟ್ರ್ಯಾಕ್ಟರ್ ಮೇಲೆ ತಿಪ್ಪೇಶ ಕುಂತಿದ್ದಾನೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಅವನು ಎಂಜಿನ್ ಆಫ್ ಮಾಡಿದ.

"ಅಕ್ಕಾ... ನೀವಾ?"

"ನಾನೇ ಕಣಪ್ಪ. ಕೊಟ್ರೇಶಂಗೂ ಹೇಳು, ದಂಡಿನೋರಿಗೆಲ್ಲ ಹೇಳು. ಅವನ ಹರಳು ನಾನು ಆಡಿ ತೀರಿಸ್ತೀನಿ. ನಾಯಕಿ ಬೇರೆ ಯಾರನ್ನಾದ್ರೂ ಮಾಡ್ಕಳ್ರಿ."

ಮಧ್ಯಾಹ್ನದೊಳಗೆ ಹಿರಿಯೂರಿನ ಬೇಕರಿಯಿಂದ ಚಿತ್ರದುರ್ಗದ ಲ್ಯಾಬಿನವರೆಗೆ ಸುದ್ದಿ ಮುಟ್ಟುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಮುಷ್ಟಿ ಸಡಿಲಿಸದೆ ನಿಂತಳು. ಏಕಾಂತಮ್ಮ ಕಾಯಿ ಚೂರನ್ನು ಕೈಯಲ್ಲಿ ತಿರುಗಿಸುತ್ತ ಯೋಚಿಸಿ, ತನಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡಳು.

"ಹಂಗಾದ್ರೆ ಚಿಕ್ಕವಳ ಕೈ ಕೆಟ್ಟಿಲ್ಲ ಅನ್ನು."

"ಕೆಟ್ಟಿಲ್ಲ."

"ನಿನ್ ಬುದ್ಧಿ ಕೆಟ್ಟಿತ್ತು ಅನ್ನು."

ಅಷ್ಟರಲ್ಲಿ ಪ್ರೀತಿ ಗಾಲಿಯ ಹಿಂದಿನಿಂದ ಬಂದಿದ್ದಳು, ಕಣ್ಣು ತುಂಬಿಕೊಂಡಿದ್ದವು. "ಬ್ಯಾಡ ಅಕ್ಕ, ನೀವೇ ಹಾಕ್ರಿ. ಪ್ರತಿ ವರ್ಷ ನಿಮ್ದೇ ಅಲ್ವಾ" ಎಂದಳು.

"ಹಿಡಿಯೇ ಸುಮ್ನೆ. ನನ್ ಮನಸ್ಸು ತಿರುಗೋದ್ರೊಳಗೆ ಹಾಕು."

ಅವಳ ಕೈಯನ್ನು ಎಳೆದು, ಬೆರಳು ಬಿಡಿಸಿ, ಬೆಚ್ಚಗಾಗಿದ್ದ ಬೀಜಗಳನ್ನೆಲ್ಲ ಅದರೊಳಗೆ ಸುರಿದಳು. ಪ್ರೀತಿ ಬಗ್ಗಿ, ಒಂದೊಂದೇ ಬೀಜವನ್ನು ಸಾಲಿಗೆ ಬಿಟ್ಟಳು. ಬಿಟ್ಟ ಬೀಜದ ಮೇಲೆ ಅನುಸೂಯ ಕಾಲಿಂದ ಮಣ್ಣೆಳೆದಳು. ತಿಪ್ಪೇಶ ಟ್ರ್ಯಾಕ್ಟರ್ ಚಾಲೂ ಮಾಡಿದ, ಏಕಾಂತಮ್ಮ ಎಲ್ಲರಿಗೂ ಕಾಯಿ ಚೂರು ಹಂಚಿದಳು.

ಎಲ್ಲರೂ ಕೈಮುಗಿದಾಗ ಅನುಸೂಯಳೂ ಮುಗಿದಳು. ಕಣ್ಣು ಮುಚ್ಚಿ ಬೇಡಿಕೊಂಡಳು: ದೇವರೇ, ಬೆಳೆ ಚೆನ್ನಾಗಿ ಬರಲಿ, ಈ ಹುಡುಗಿಯ ಕೈಗೆ ಒಳ್ಳೆ ಹೆಸರು ಬರಲಿ. ಮನಸಾರೆ ಬೇಡುತ್ತಿದ್ದೇನೆ.

ಕಣ್ಣು ತೆರೆಯುವ ಮುಂಚೆ ತಡೆಯಲಾರದೆ ಇನ್ನೊಂದು ಮಾತು ಸೇರಿಸಿದಳು: ಹೋದ ವರ್ಷದ ನನ್ನ ಬೆಳೆಗಿಂತ ಒಂದು ಚೀಲ, ಒಂದೇ ಒಂದು ಚೀಲ, ಕಡಿಮೆ ಬರಲಪ್ಪ.